ಮಲ್ಲಿಗಮ್ಮ ಗುಡಿಸದೆ ಬಿಟ್ಟ ನೆಲ

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಸ್ವಲ್ಪ ದೂರ ಹೋದರೆ ಎಡಗಡೆಗೆ ಒಂದು ಹಳೇ ಸರ್ಕಾರಿ ಬಂಗಲೆ ಸಿಗುತ್ತದೆ. ದೊಡ್ಡ ಸಾಹೇಬರುಗಳು ಕಾಡು ನೋಡುವುದಕ್ಕೋ ಊಟಿಗೋ ಹೋಗುವಾಗ ಇಳಿದುಕೊಂಡು, ಕಾಫಿ ಕುಡಿದು, ಕಾಲು ಚಾಚಿ ಹೋಗುವ ಜಾಗ. ಮುಂದೆ ಜಗಲಿ. ಹಿಂದೆ ಒಂದೆಕರೆಯಷ್ಟು ಹಿತ್ತಲು. ಹಿತ್ತಲಲ್ಲಿ ಹೊಂಗೆ, ನೇರಳೆ, ಎರಡು ಮುದಿ ಮಾವು, ಮೂಲೆಗೊಂದು ಬಿದಿರು ಮೆಳೆ. ಈ ಹಿತ್ತಲನ್ನು ಇಪ್ಪತ್ತಮೂರು ವರ್ಷ ಒಬ್ಬಳೇ ಗುಡಿಸಿದವಳು ಮಲ್ಲಿಗಮ್ಮ. ಹುಟ್ಟಿದ್ದು ಉಡಿಗಾಲದಲ್ಲಿ, ಕೊಟ್ಟದ್ದು ಗುಂಡ್ಲುಪೇಟೆಗೆ, ಬದುಕೆಲ್ಲ ಸವೆದದ್ದು ಈ ಮರಗಳ ಕೆಳಗೆ.

ಗುಡಿಸುವುದು ಅಂದರೆ ನೀವು ನಾವು ಗುಡಿಸಿದ ಹಾಗಲ್ಲ. ಇಲಾಖೆಯವರು ಕೊಡುವ ಪೊರಕೆಯನ್ನು ಅವಳು ಕಾಲಿನಲ್ಲೂ ಮುಟ್ಟುತ್ತಿರಲಿಲ್ಲ. ತೆಂಗಿನ ಗರಿ ತಂದು, ಕಡ್ಡಿ ಸೀಳಿ, ಬಿಸಿಲಿಗಿಟ್ಟು, ತಾನೇ ಬಿಗಿದು ಕಟ್ಟಿಕೊಳ್ಳುತ್ತಿದ್ದಳು. ಬೆಳಗ್ಗೆ ಆರಕ್ಕೆ ನೇರಳೆ ಮರದ ಬುಡದಲ್ಲಿ ಶುರು. ತನ್ನ ಹೆಜ್ಜೆಯ ಗುರುತೂ ನೆಲದ ಮೇಲೆ ಉಳಿಯಬಾರದೆಂದು ಹಿಂದೆ ಹಿಂದಕ್ಕೆ ಸರಿಯುತ್ತ ಗುಡಿಸುವುದು ಅವಳ ಪದ್ಧತಿ. ಎಂಟು ಗಂಟೆಗೆ ಬಂದು ನೋಡಿದರೆ, ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ ಹಿತ್ತಲು ಮಿರುಗುತ್ತಿತ್ತು. ಅಷ್ಟರಲ್ಲಿ ಒಂದು ಎಲೆ ಉದುರಿತೋ, ಮುಗಿಯಿತು. "ಈಗ ತಾನೆ ಗುಡಿಸಿವ್ನಿ, ವಸಿ ಹೊತ್ತು ತಡ್ಕೊಳಕ್ಕಾಗಲ್ವಾ ನಿಂಗೆ?" ಎಂದು ಮರಕ್ಕೇ ಬೈಯುತ್ತಿದ್ದಳು. ಆಮೇಲೆ ತರಗೆಲ್ಲ ಮೂಲೆಗೆ ಗುಡ್ಡೆ ಹಾಕಿ ಒಂದು ಕಡ್ಡಿ ಗೀರಿದರೆ ಆವತ್ತಿನ ಕೆಲಸ ಹೊಗೆಯಾಗಿ ಮೇಲೆ ಹೋಗುತ್ತಿತ್ತು.

ಹತ್ತೊಂಬತ್ತು ವರ್ಷ ದಿನಗೂಲಿಯಾಗಿ ದುಡಿದಳು. ಕೊನೆಗೆ ಬೆಂಗಳೂರಿಂದ ಬಂದ ಯಾರೋ ಹಿರಿಯ ಅಧಿಕಾರಿ ಹಲ್ಲುಜ್ಜುತ್ತ ಹಿತ್ತಲಿಗೆ ಬಂದವರು ಹಾಗೇ ನಿಂತುಬಿಟ್ಟು, "ಇದನ್ನ ಗುಡಿಸೋರು ಯಾರ್ರೀ?" ಎಂದು ಕೇಳಿದರಂತೆ. ಆ ಒಂದು ಮಾತಿಗೆ ಎಲ್ಲೋ ಕೂತಿದ್ದ ಫೈಲು ಎದ್ದು ಓಡಾಡಿ ಮಲ್ಲಿಗಮ್ಮ ಕಾಯಂ ಆದಳು. ಅವಳ ಗಂಡ ನಾಗಯ್ಯ ತೋಟದ ಕೂಲಿಯವನು, ಬಾಯಿ ಸ್ವಲ್ಪ ಜೋರು. "ನಮ್ಮೋಳು ಪೊರಕೇಲೇ ಸರ್ಕಾರಿ ನೌಕರಿ ಗುಡ್ಸ್ಕೊಂಡು ಬಂದ್ಲು ಕಣ್ಲಾ" ಎಂದು ಟೀ ಅಂಗಡಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ. ಮಲ್ಲಿಗಮ್ಮ ಹೊರಗೆ ಸಿಡುಕಿದಳು, ಒಳಗೆ ಹಿಗ್ಗಿದಳು.

ಇಂಥವಳ ಹತ್ತಿರ ಬಂದು 'ನೀನು ಗುಡಿಸಿದ್ದೇ ತಪ್ಪಾಯಿತು' ಅಂದರೆ ಹೇಗಿರುತ್ತದೆ, ನೀವೇ ಹೇಳಿ.

ಅಂದವಳು ಶಿವರಂಜನಿ. ಚಾಮರಾಜನಗರದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ಹುಡುಗಿ. ಇಪ್ಪತ್ತೆಂಟಿರಬಹುದು. ಕೊರಳಿಗೆ ದುರ್ಬೀನು ತಗುಲಿಸಿಕೊಂಡು ಒಂದು ನವೆಂಬರ್ ಬೆಳಗ್ಗೆ ಸ್ಕೂಟರಿನಲ್ಲಿ ಬಂದಿಳಿದಳು. ಹಿಂದೆ ಈ ಬಂಗಲೆಯಲ್ಲಿ ಆಗಾಗ ಉಳಿಯುತ್ತಿದ್ದ ಒಬ್ಬ ಅರಣ್ಯಾಧಿಕಾರಿ ತಾವು ಕಂಡ ಹಕ್ಕಿಗಳನ್ನೆಲ್ಲ ಬರೆದಿಟ್ಟಿದ್ದರಂತೆ. ಅದರ ಜೆರಾಕ್ಸ್ ಅವಳ ಕೈಯಲ್ಲಿತ್ತು. ವರ್ಷವರ್ಷವೂ ಚಳಿಗಾಲಕ್ಕೆ 'ನವರಂಗ, ಎರಡು, ಬಿದಿರು ಮೆಳೆಯ ಕೆಳಗೆ' ಎಂದಿತ್ತು. ಆಮೇಲೆ ಇಲ್ಲ. ಹಿಂದೆ ಈ ಹಕ್ಕಿ ಕಂಡ ಕಡೆಯಲ್ಲೆಲ್ಲ ಈಗಲೂ ಬರುತ್ತದೆಯೇ ಎಂದು ಜಿಲ್ಲೆ ಸುತ್ತಿ ನೋಡುವುದು ಅವಳು ಹಚ್ಚಿಕೊಂಡ ಕೆಲಸ.

"ಅಮ್ಮ, ಈ ಹಕ್ಕಿ ಇಲ್ಲಿ ನೋಡಿದ್ದೀರಾ?" ಎಂದು ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ ಮಿಂಚು, ಕಣ್ಣಿಗೆ ಕಪ್ಪು ಪಟ್ಟಿ, ಬಾಲದ ಕೆಳಗೆ ಕುಂಕುಮ ಮೆತ್ತಿದಂಥ ಕೆಂಪು. ಬಾಲವೋ, ಕತ್ತರಿಸಿ ಬಿಟ್ಟ ಹಾಗೆ ಮೊಟಕು.

"ಅಯ್ಯೋ, ಇದಾ! ಆರ್‌ಮಣಿ ಕುರುವಿ ಅಲ್ವಾ!" ಮಲ್ಲಿಗಮ್ಮನ ಮುಖ ಅರಳಿತು. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಂಗಲೆಗೆ ಅಡುಗೆ ಮಾಡುತ್ತಿದ್ದ ಪುಟ್ಟಮಾದು ತಾಳವಾಡಿ ಕಡೆಯವನು, ಅರ್ಧ ಮಾತು ತಮಿಳು; ಆರು ಗಂಟೆಯ ಹಕ್ಕಿ ಎನ್ನುವ ಆ ಹೆಸರು ಅವನು ಕಲಿಸಿದ್ದು. ಸಂಜೆ ಆರರ ಹೊತ್ತಿಗೆ ಮೆಳೆಯೊಳಗಿಂದ ಎರಡೆಳೆಯ ಸಿಳ್ಳೆ ಕೇಳಿದರೆ "ಆರ್‌ಮಣಿ ಕುರುವಿ ಕೂಗ್ತು, ಮನೆಗೆ ಓಗು ಮಲ್ಲಿಗಾ" ಎನ್ನುತ್ತಿದ್ದ. ಮಲ್ಲಿಗಮ್ಮ ತುಟಿ ಮುಂದೆ ಮಾಡಿ ಅದೇ ಸಿಳ್ಳೆಯನ್ನು ಹಾಕಿ ತೋರಿಸಿದಳು. ಶಿವರಂಜನಿಗೆ ಎಲ್ಲಿಲ್ಲದ ಖುಷಿ.

"ಕೊನೇ ಸಲ ಯಾವಾಗ ಕೇಳಿದ್ರಿ?"

ಮಲ್ಲಿಗಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. ಐದು ವರ್ಷವೇ? ಹತ್ತೇ? ಪುಟ್ಟಮಾದು ತೀರಿಕೊಂಡ ಮೇಲೆ ಕೇಳಿದ್ದೆನೇ? ಎಷ್ಟು ತಡಕಿದರೂ ನೆನಪಾಗಲಿಲ್ಲ. ದಿನಾ ಸಂಜೆ ಮನೆಗೆ ಕಳಿಸುತ್ತಿದ್ದ ಹಕ್ಕಿಯ ಕೂಗು ನಿಂತುಹೋದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

"ಎಲ್ಲಿಗೆ ಓಯ್ತು ಅದು?" ಎಂದು ಕೇಳಿದಳು.

ಶಿವರಂಜನಿ ಒಂದು ಕಡ್ಡಿ ತೆಗೆದುಕೊಂಡು ಆಗ ತಾನೆ ಗುಡಿಸಿದ್ದ ನೆಲದ ಮೇಲೆ ಇಂಡಿಯಾದ ನಕಾಶೆ ಬರೆದಳು. ಮಲ್ಲಿಗಮ್ಮ ಪೊರಕೆಯನ್ನು ಬೆನ್ನ ಹಿಂದಕ್ಕೆ ಹಿಡಿದುಕೊಂಡಳು. "ಮಳೆಗಾಲದಲ್ಲಿ ಇಲ್ಲಿ, ಹಿಮಾಲಯದ ಬುಡದಲ್ಲಿ, ಮತ್ತೆ ಇಲ್ಲಿ ಮಧ್ಯಪ್ರದೇಶದ ಕಡೆ ಕಾಡುಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತೆ ಅಮ್ಮ. ಮಳೆ ಹಿಂದಾದ ಮೇಲೆ ರಾತ್ರಿಯೆಲ್ಲ ಹಾರಿಕೊಂಡು ದಕ್ಷಿಣಕ್ಕೆ ಬರುತ್ತೆ. ನಮ್ಮ ಕಡೆ, ತಮಿಳುನಾಡು, ಕೇರಳ. ಕೆಲವು ಸಮುದ್ರ ದಾಟಿ ಶ್ರೀಲಂಕಾಕ್ಕೂ ಹೋಗುತ್ತವೆ. ಬೇಸಿಗೆ ಬಲಿತ ಮೇಲೆ ವಾಪಸ್ಸು."

"ಇಷ್ಟುದ್ದ ಹಕ್ಕಿ, ಅಷ್ಟು ದೂರವಾ! ನಾನು ಮೈಸೂರು ದಾಟಿಲ್ಲ ಕಣವ್ವಾ," ಎಂದಳು ಮಲ್ಲಿಗಮ್ಮ. ನಕಾಶೆಯತ್ತ ನೋಡುತ್ತ, "ಪೂರಾ ಕಮ್ಮಿ ಆಗ್ಬುಟ್ಟವ್ಯಾ?" ಎಂದು ಕೇಳಿದಳು.

"ಪ್ರಪಂಚದ ಹಕ್ಕಿಗಳದ್ದೆಲ್ಲ ಒಂದು ಪಟ್ಟಿ ಮಾಡಿಟ್ಟಿದ್ದಾರೆ. ಯಾವುದು ಕೈತಪ್ಪಿ ಹೋಗ್ತಿದೆ, ಯಾವುದು ಕ್ಷೇಮವಾಗಿದೆ ಅಂತ. ಅದರಲ್ಲಿ ಇದು ಕ್ಷೇಮ ಅನ್ನೋ ಸಾಲಿನಲ್ಲಿದೆ. ಆದರೆ ಲೆಕ್ಕ ಇಳಿಮುಖ ಅಂತಲೂ ಬರೆದಿದ್ದಾರೆ."

"ಮತ್ತೆ ಇಲ್ಲಿಗ್ಯಾಕೆ ಬರಲ್ಲ?"

"ಇದು ಕೊಂಬೆ ಮೇಲೆ ತಿನ್ನೋ ಹಕ್ಕಿ ಅಲ್ಲ ಅಮ್ಮ. ನೆಲದ ಮೇಲೆ ಕುಪ್ಪಳಿಸಿಕೊಂಡು, ಒಣಗಿದ ಎಲೆ ಮಗುಚಿ, ಕೆಳಗಿರೋ ಹುಳ ಹುಪ್ಪಟೆ ಹೆಕ್ಕುತ್ತೆ. ತರಗು ಇಲ್ಲದ ಕಡೆ..." ಎಂದವಳು ಸುತ್ತ ನೋಡಿ ನಾಲಿಗೆ ಕಚ್ಚಿಕೊಂಡಳು. ಒಂದೆಕರೆ ಹಿತ್ತಲಲ್ಲಿ ಒಂದು ಎಲೆ ಇರಲಿಲ್ಲ.

"ಅಂದ್ರೆ? ನಾನು ಗುಡ್ಸಿ ಗುಡ್ಸಿ ಓಡಿಸ್ದೆ ಅಂತಾನಾ?" ಮಲ್ಲಿಗಮ್ಮನ ದನಿ ಏರಿತು. ಶಿವರಂಜನಿ ಏನೇನೋ ಸಮಾಧಾನ ಹೇಳಿದಳು. ಮಲ್ಲಿಗಮ್ಮನ ಕಿವಿಗೆ ಯಾವುದೂ ಬೀಳಲಿಲ್ಲ. ಆ ಹುಡುಗಿ ಹೋದ ಮೇಲೆ ನಕಾಶೆಯನ್ನು ಒಂದೇ ಏಟಿಗೆ ಗುಡಿಸಿ ಹಾಕಿದಳು.

ಮನೆಗೆ ಬಂದವಳು ಪಾತ್ರೆ ಕುಕ್ಕುವ ರಭಸಕ್ಕೆ ನಾಗಯ್ಯ ಹೊರಗಿನಿಂದ ಎದ್ದು ಬಂದ. ವಿಷಯ ಕೇಳಿ ಬಿದ್ದು ಬಿದ್ದು ನಕ್ಕ. "ಊಟಕ್ಕೆ ಕುಂತೋರ ಮುಂದ್ಲ ಎಲೆ ಎತ್ತಿ ಬೆಂಕಿಗೆ ಆಕಿದ್ದೀಯ ಅಂತಾಯ್ತು ಕಣಮ್ಮಿ! ಅದೂ ಅಷ್ಟು ದೂರದಿಂದ ಹಸ್ಕೊಂಡು ಬಂದ ನೆಂಟ್ರದ್ದು!"

ಅವನು ತಮಾಷೆಗೆ ಅಂದದ್ದು. ಮಲ್ಲಿಗಮ್ಮನಿಗೆ ಅದು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಮನೆ ಬಾಗಿಲಿಗೆ ಬಂದವರನ್ನು ಅವಳು ಯಾವತ್ತೂ ಹಾಗೇ ಕಳಿಸಿದವಳಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾಗಯ್ಯ ಕಕ್ಕಾಬಿಕ್ಕಿಯಾಗಿ, "ಏ, ಸುಮ್ಕೆ ಅಂದೆ ಬುಡು, ಹಕ್ಕಿಗೆಲ್ಲ ಯಾರಾದ್ರೂ ಅಳ್ತಾರಾ?" ಎಂದ. ಇವಳು ಅಳುತ್ತಿದ್ದಳಲ್ಲ.

ಮಾರನೇ ದಿನವೇ ತೀರ್ಮಾನ ಮಾಡಿದಳು: ಬಿದಿರು ಮೆಳೆಯ ಸುತ್ತ, ಮಾವಿನ ಬುಡದವರೆಗೂ, ಇನ್ನು ಪೊರಕೆ ಆಡುವುದಿಲ್ಲ. ಅಂದುಕೊಳ್ಳುವುದು ಸುಲಭ, ಕೈ ಕೇಳಬೇಕಲ್ಲ! ಯಾವುದೋ ಯೋಚನೆಯಲ್ಲಿ ಗುಡಿಸುತ್ತ ಗುಡಿಸುತ್ತ ತಲೆ ಎತ್ತಿ ನೋಡಿದರೆ ಮೆಳೆಯ ಬುಡ ಕನ್ನಡಿಯಂತೆ ಥಳಥಳ. "ಥೂ ನಿನ್ನ ಕೈಗಿಷ್ಟು!" ಎಂದು ತನ್ನ ಕೈಗೆ ತಾನೇ ಹೊಡೆದುಕೊಂಡಳು. ಮೂರು ದಿನ ಹೀಗೇ ಆಯಿತು. ನಾಲ್ಕನೇ ದಿನ ಮನೆಯಿಂದ ತೆಂಗಿನ ನಾರಿನ ಹಗ್ಗ ತಂದು ಮಾವಿನಿಂದ ನೇರಳೆಗೆ, ನೇರಳೆಯಿಂದ ಕಾಂಪೌಂಡಿನ ಕಂಬಿಗೆ ಸೊಂಟದೆತ್ತರಕ್ಕೆ ಎಳೆದು ಕಟ್ಟಿದಳು. ಹಗ್ಗ ಹೊಟ್ಟೆಗೆ ತಗುಲಿದರೆ ನಿಲ್ಲಬೇಕು, ಅಷ್ಟೆ. ಮುಂದಿನ ಅಂಗಳದ ತರಗನ್ನು ಸುಡದೆ ಮಂಕರಿಯಲ್ಲಿ ಹೊತ್ತು ತಂದು ಹಗ್ಗದಾಚೆಗೆ ಸುರಿದಳು. ಒಂದು ವಾರ ಅತ್ತ ಕಣ್ಣು ಹಾಯಿಸುವುದಕ್ಕೇ ಅವಳಿಂದಾಗಲಿಲ್ಲ.

ಆ ಚಳಿಗಾಲ ಯಾವ ಹಕ್ಕಿಯೂ ಬರಲಿಲ್ಲ. ಬೇಸಿಗೆ ಕಳೆಯಿತು, ಮುಂಗಾರು ಹನಿಯಿತು. ತರಗು ನೆನೆದು, ಕೊಳೆತು, ಕಪ್ಪಾಗಿ, ಮೆತ್ತಗಾಯಿತು. ಒಂದು ದಿನ ಕಾಲಿನಲ್ಲಿ ಒಂದಿಷ್ಟು ಸರಿಸಿ ನೋಡಿದರೆ ಕೆಳಗೆ ಸಂತೆಮರಹಳ್ಳಿ ಸಂತೆಯೇ ನೆರೆದಿತ್ತು. ಎರೆಹುಳು, ಸಹಸ್ರಪದಿ, ಮಿಡತೆಮರಿ, ಹೆಸರಿಲ್ಲದ ಎಷ್ಟೋ. ಮಲ್ಲಿಗಮ್ಮ ಬೇಗ ಬೇಗ ಮತ್ತೆ ಮುಚ್ಚಿದಳು. ಸಿಟ್ಟಿಳಿದ ಮೇಲೆ ತಾನೇ ವಿಷಯ ತಿಳಿಸಿದ್ದರಿಂದ ಆಗಾಗ ಶಿವರಂಜನಿಯ ಫೋನು ಬರುತ್ತಿತ್ತು. "ಅಡುಗೆ ತಯಾರಾಯ್ತಾ ಅದೆ ಕಣವ್ವಾ, ಉಣ್ಣೋರು ಬರ್ಬೇಕು ಅಷ್ಟೆ," ಎನ್ನುತ್ತಿದ್ದಳು ಮಲ್ಲಿಗಮ್ಮ.

ಅಕ್ಟೋಬರಿನಲ್ಲಿ ಬಂದದ್ದು ಹಕ್ಕಿಯಲ್ಲ, ಇಂಜಿನಿಯರ್ ಬಸವಪ್ರಸಾದ್. ಬಂಗಲೆಯ ಉಸ್ತುವಾರಿ ಹೊಸದಾಗಿ ಅವರಿಗೆ ಬಿದ್ದಿತ್ತು. ಕೆಟ್ಟ ಮನುಷ್ಯನೇನಲ್ಲ, ಸ್ವಲ್ಪ ಆತುರ. ಹಿತ್ತಲಿಗೆ ಬಂದು ಹಗ್ಗ ನೋಡಿದರು, ಹಗ್ಗದಾಚೆಯ ಕೊಳೆತ ಎಲೆ ನೋಡಿದರು.

"ಏನಮ್ಮಾ ಇದು? ನಿನ್ನ ಹೆಸರು ಕೇಳಿ ಏನೋ ಅಂದ್ಕೊಂಡಿದ್ದೆ. ಕಾಯಂ ಆದ್ಮೇಲೆ ಕೈ ಸೋಮಾರಿಯಾಯ್ತಾ?"

ಮಲ್ಲಿಗಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. ಈ ಮಾತೊಂದನ್ನು ಕೇಳಬಾರದು ಎಂದೇ ಅಲ್ಲವೇ ಇಷ್ಟು ವರ್ಷ ಬೆನ್ನು ಬಗ್ಗಿಸಿದ್ದು! ತಡವರಿಸುತ್ತ ಹಕ್ಕಿಯ ಕತೆಯನ್ನೆಲ್ಲ ಹೇಳಿದಳು. ಬಸವಪ್ರಸಾದ್ ಗಡಿಯಾರ ನೋಡಿಕೊಳ್ಳುತ್ತಲೇ ಕೇಳಿದರು.

"ನೋಡಮ್ಮ, ಹಾವು ಗೀವು ಸೇರಿಕೊಂಡರೆ ನಾಳೆ ನನ್ನನ್ನ ಕೇಳ್ತಾರೆ. ಅಷ್ಟು ಅಪರೂಪದ್ದಾದ್ರೆ ಒಂದು ಕೆಲಸ ಮಾಡು. ಆ ಮೇಡಮ್ಮಿಂದ ಕಾಗದ ತರಿಸು. ಈ ಹಕ್ಕಿ ಅಳಿದು ಹೋಗೋ ಸ್ಥಿತೀಲಿದೆ ಅಂತ ಬರೆದು ಸಹಿ ಹಾಕಿ ಕೊಡಲಿ. ಫೈಲಿಗೆ ಹಾಕಿಬಿಡ್ತೀನಿ. ಆಮೇಲೆ ಯಾರೂ ನಿನ್ನ ಎಲೆ ಮುಟ್ಟಲ್ಲ."

ಇಷ್ಟೇ ತಾನೆ! ಮಲ್ಲಿಗಮ್ಮ ಮಾರನೇ ದಿನವೇ ರಜೆ ಹಾಕಿ ಚಾಮರಾಜನಗರದ ಬಸ್ಸು ಹತ್ತಿದಳು. ಕಾಲೇಜಿನ ಮೆಟ್ಟಿಲ ಮೇಲೆ ಶಿವರಂಜನಿಯನ್ನು ಕೂರಿಸಿಕೊಂಡು ವಿಷಯ ಹೇಳಿದಳು. ಶಿವರಂಜನಿ ತಲೆ ತಗ್ಗಿಸಿದಳು.

"ಹಾಗೆ ಬರೆಯೋಕಾಗಲ್ಲ ಅಮ್ಮ. ಕ್ಷೇಮ ಅನ್ನೋ ಸಾಲಿನಲ್ಲಿದೆ ಅಂತ ನಿಮಗೆ ಹೇಳಿದ್ದೆನಲ್ಲ."

"ಒಂದೇ ಒಂದು ಗೆರೆ ಕಣವ್ವಾ. ಯಾರು ನೋಡ್ತಾರೆ?"

"ಇವತ್ತು ಇದಕ್ಕೆ ಸುಳ್ಳು ಬರೆದರೆ, ನಾಳೆ ನಿಜವಾಗಲೂ ಅಳಿದು ಹೋಗ್ತಿರೋ ಹಕ್ಕಿಗೋಸ್ಕರ ಬರೆದಾಗ ಯಾರೂ ನನ್ನ ನಂಬಲ್ಲ. ಇಲ್ಲಿ ಮೊದಲು ಬರ್ತಿತ್ತು, ಈಗ ಬರ್ತಿಲ್ಲ, ಎಲೆ ಬಿಟ್ಟರೆ ಬರಬಹುದು ಅಂತ ಬರೆದು ಕೊಡ್ತೀನಿ. ಅದು ನಿಜ."

"ಬರಬೌದು ಅಂತ ಬರೆದ್ರೆ ಆ ಸಾಹೇಬ್ರು ಒಪ್ತಾರಾ? ಓದ್ದೋರ ಸಾವಾಸವೇ ಸಾಕು!" ಎಂದು ಆ ಕಾಗದವನ್ನೂ ಇಸಿದುಕೊಳ್ಳದೆ ಎದ್ದು ಬಂದಳು. ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ದಾರಿಯುದ್ದಕ್ಕೂ ಆ ಪಟ್ಟಿ ಬರೆದವರಿಗೆ ಶಾಪ ಹಾಕಿದಳು. ಎಲ್ಲ ಕಡೆ ಕ್ಷೇಮವಂತೆ! ಎಲ್ಲ ಕಡೆ ಅಂದರೆ ಯಾವ ಕಡೆ? ಅವರೇನು ಗುಂಡ್ಲುಪೇಟೆಗೆ ಬಂದು ನೋಡಿದರಾ? ತೆರಕಣಾಂಬಿ ಹತ್ತಿರ ಬಸ್ಸು ನಿಂತಾಗ ಮಲ್ಲಿಗಮ್ಮ ನೆಟ್ಟಗೆ ಕೂತಳು. ಬೈಗುಳವೇ ದಾರಿ ತೋರಿಸಿತ್ತು.

ಅವತ್ತು ಮಧ್ಯಾಹ್ನವೇ ಬಸವಪ್ರಸಾದರ ಆಫೀಸಿನ ಬಾಗಿಲಲ್ಲಿ ನಿಂತಳು.

"ಕಾಗದ ಎಲ್ಲಮ್ಮ?"

"ಇಲ್ಲ ಸಾ. ಹಕ್ಕಿ ಎಲ್ಲ ಕಡೆ ಕ್ಷೇಮವಾಗದೆ ಅಂತ ಪಟ್ಟೀಲಿ ಬರ್ದವ್ರಂತೆ. ಸುಳ್ಳು ಬರ್ಯಕ್ಕಾಗಲ್ಲ ಅಂದ್ಬುಟ್ರು ಮೇಡಮ್ನೋರು."

"ಹಾಗಾದ್ರೆ ಮುಗೀತಲ್ಲ. ಕ್ಷೇಮವಾಗಿರೋದಕ್ಕೆ ನೀನ್ಯಾಕೆ ತಲೆ ಕೆಡಿಸ್ಕೊಳ್ತೀಯ?"

"ಎಲ್ಲ ಕಡೆ ಅಂದ್ರೆ ನಮ್ಮ ಬಂಗ್ಲೆ ಹಿತ್ಲೂ ಸೇರ್ತದೆ ತಾನೆ ಸಾ? ಇಲ್ಲಿ ಅದು ಇಲ್ವೇ ಇಲ್ಲ. ಪ್ರತಿ ಬಂಗ್ಲೆಯೋರೂ ಬೇರೆ ಕಡೆ ಅದೆ ಬುಡು ಅಂದ್ಕೊಂಡು ಗುಡ್ಸಿ ಬೆಂಕಿ ಇಕ್ಕುದ್ರೆ ಆ ಪಟ್ಟಿ ಎಷ್ಟು ದಿನ ನಿಜವಾಗಿರ್ತದೆ? ಬೇರೆಯೋರದ್ದು ನಂಗೊತ್ತಿಲ್ಲ ಸಾ. ನನ್ನ ಹಿತ್ತಲ ಮಟ್ಟಿಗೆ ಅವರು ಬರ್ದಿರೋದು ಸುಳ್ಳಾಗಬಾರ್ದು." ಬಾಗಿಲು ದಾಟಿ ಒಂದು ಹೆಜ್ಜೆ ಒಳಗೆ ಬಂದಳು. "ಸೋಮಾರಿ ಅಂದ್ರಿ. ಇಪ್ಪತ್ತ್ಮೂರು ವರ್ಷ ಗುಡ್ಸಿದ್ದು ಏನೂ ಕಷ್ಟವಿರ್ಲಿಲ್ಲ ಸಾ. ಗುಡಿಸ್ದೆ ಬುಟ್ಟಿದ್ದೀನಲ್ಲ, ಅದು ಕಷ್ಟ."

ಬಸವಪ್ರಸಾದ್ ಪೆನ್ನು ಕೆಳಗಿಟ್ಟರು. ನಗು ತಡೆಯುವುದಕ್ಕೆ ನೋಡಿ ಸೋತು ನಕ್ಕರು. "ಆಯ್ತಮ್ಮ. ಕಾರ್ತಿಕದ ಕಡೇ ಸೋಮವಾರದವರೆಗೂ ಟೈಮು. ಬಂದರೆ ಎಲೆ ಇರಲಿ. ಬರಲಿಲ್ಲ ಅಂದ್ರೆ ಮಂಗಳವಾರ ಇಬ್ಬರನ್ನ ಕರ್ಕೊಂಡು ಬಂದು ಕ್ಲೀನ್ ಮಾಡಿಸ್ತೀನಿ. ಆಮೇಲೆ ನೀನು ತಕರಾರು ಎತ್ತಬಾರದು."

ದೀಪಾವಳಿ ಬಂತು, ಹೋಯಿತು. ಮಲ್ಲಿಗಮ್ಮ ದಿನಾ ಸಂಜೆ ಹಗ್ಗದ ಈಚೆ ನಿಂತು ಕಿವಿ ಕೊಟ್ಟಳು. ಹರಟೆಮಲ್ಲ ಹಕ್ಕಿಗಳು ಗುಂಪು ಕಟ್ಟಿಕೊಂಡು ಬಂದು ತರಗು ಕೆದಕಿ ಗಲಾಟೆ ಮಾಡಿ ಹೋದವು. ಒಂದು ಕೆಂಬೂತ ಬಂತು. ಸಿಳ್ಳೆ ಮಾತ್ರ ಇಲ್ಲ. ಕಡೇ ಶನಿವಾರ ಸಂಜೆ ಕಾಂಪೌಂಡಿನ ಆಚೆಯಿಂದ ಎರಡೆಳೆಯ ಸಿಳ್ಳೆ ಕೇಳಿದಾಗ ಅವಳ ಜೀವವೇ ಬಾಯಿಗೆ ಬಂತು. ಓಡಿ ಹೋಗಿ ಇಣುಕಿದರೆ ಗೋಡೆಗೆ ಒರಗಿಕೊಂಡು ನಾಗಯ್ಯ ತುಟಿ ಸೊಟ್ಟ ಮಾಡಿ ಸಿಳ್ಳೆ ಹಾಕುತ್ತಿದ್ದಾನೆ!

"ನಿನ್ನ ಮುಖಕ್ಕಿಷ್ಟು! ಆಡೋ ವಯಸ್ಸಾ ಇದು?"

"ದಿನಾ ಮುಖ ಸಣ್ಣ ಮಾಡ್ಕೊಂಡು ಬತ್ತೀಯ, ನೋಡಕ್ಕಾಗಲ್ಲ ಕಣಮ್ಮಿ," ಎಂದ ನಾಗಯ್ಯ, ತಪ್ಪು ಮಾಡಿದವನಂತೆ ನಿಂತು. "ಬಂತು ಅಂತ ಏಳ್ಬುಡು ಆ ಸಾಹೇಬ್ರಿಗೆ. ಮೆಳೆ ಒಳಗೆ ಬಗ್ಗಿ ಯಾರು ನೋಡ್ತಾರೆ?" ಮಲ್ಲಿಗಮ್ಮ ಪೊರಕೆ ಎತ್ತಿಟ್ಟು ಹೊರಟಳು. ಗಂಡನ ಮೇಲೆ ಬಂದಿದ್ದ ಸಿಟ್ಟು ಅರ್ಧ ದಾರಿಯಲ್ಲೇ ಇಳಿದುಹೋಗಿ, ಇಬ್ಬರೂ ಜೊತೆಯಾಗಿ ನಡೆದುಕೊಂಡು ಮನೆಗೆ ಹೋದರು.

ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಜೀಪು ಬಂತು. ಬಸವಪ್ರಸಾದರ ಹಿಂದೆ ಸನಿಕೆ, ಮಂಕರಿ ಹಿಡಿದ ಇಬ್ಬರು ಆಳುಗಳು ಇಳಿದರು.

"ಬಂತೇನಮ್ಮಾ ನಿನ್ನ ಹಕ್ಕಿ?"

ಬಂತು ಎನ್ನುವ ಒಂದು ಮಾತು ಸಾಕಾಗಿತ್ತು. ಅದು ನಾಲಿಗೆ ತುದಿಯವರೆಗೂ ಬಂದಿತ್ತು. ಅಂದುಬಿಟ್ಟರೆ ಹಿತ್ತಲು ಉಳಿಯುತ್ತದೆ. ಆದರೆ ಬರದ ಹಕ್ಕಿಯನ್ನು ಬಂತು ಅಂದರೆ, ಎಲ್ಲ ಕಡೆ ಕ್ಷೇಮ ಎಂದು ಓದಿ ಹಾಯಾಗಿ ಗುಡಿಸುವವರಿಗೂ ತನಗೂ ಏನು ವ್ಯತ್ಯಾಸ?

"ಇಲ್ಲ ಸಾ," ಅಂದಳು. "ಬರ್ಲಿಲ್ಲ."

ತಾನೇ ಹೋಗಿ ಹಗ್ಗದ ಗಂಟು ಬಿಚ್ಚಿದಳು. ಒಂದು ವರ್ಷದ ಮಳೆಗೆ ಗಂಟು ಬಿಗಿದುಹೋಗಿತ್ತು. ಬಿಚ್ಚುವಷ್ಟರಲ್ಲಿ ಕಣ್ಣು ಮಂಜಾಯಿತು. ಒಬ್ಬ ಆಳು ಅವಳನ್ನು ದಾಟಿ ಒಳಗೆ ಹೋಗಿ ಮೆಳೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. ಎರಡು ಕೈಯಲ್ಲೂ ತರಗು ಬಾಚಿ ಮಂಕರಿಗೆ ತುಂಬಿದ. ಮತ್ತೆ ಬಾಚಿದ. ಮೂರನೇ ಬಾಚಿಗೆ ಕೈ ಹಾಕಿದವನು "ಅಯ್ಯಯ್ಯೋ" ಎಂದು ಹಿಂದಕ್ಕೆ ಕೂತುಬಿಟ್ಟ.

ಅವನ ಕೈಯಿಂದ ಎರಡು ಮಾರು ದೂರದಲ್ಲಿ ಏನೋ ಎದ್ದು, ಕುಪ್ಪಳಿಸಿ, ಒಂದು ಕಲ್ಲಿನ ಮೇಲೆ ನಿಂತಿತು. ಹಸಿರು. ನೀಲಿ. ಬಾಲದ ಕೆಳಗಿನ ಕೆಂಪು ಬಿಸಿಲಿಗೆ ಕೆಂಡದ ಹಾಗೆ ಕಂಡಿತು. ಮೊಟಕು ಬಾಲ ಆಡಿಸುತ್ತ ಇವರನ್ನೇ ನೋಡಿತು. ಕೊಕ್ಕಿನಲ್ಲಿ ಒಂದು ಎರೆಹುಳು ತೂಗಾಡುತ್ತಿತ್ತು.

ಹಿಂದಿನ ರಾತ್ರಿ ಬಂದಿಳಿದಿತ್ತೋ, ವಾರದಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಉಣ್ಣುತ್ತಿತ್ತೋ, ಅದಕ್ಕೇ ಗೊತ್ತು.

"ಇದೇನಾ?" ಎಂದರು ಬಸವಪ್ರಸಾದ್, ಗುಸುಗುಸು ದನಿಯಲ್ಲಿ. ಮಲ್ಲಿಗಮ್ಮ ತಲೆಯಾಡಿಸಿದಳು. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವುದಕ್ಕೆ ಕೈ ಎತ್ತಿದರೆ ಹಕ್ಕಿ ಹೆದರೀತು ಎಂದು ಹಾಗೇ ಬಿಟ್ಟಳು.

"ಬರಲಿಲ್ಲ ಅಂದ್ಯಲ್ಲಮ್ಮ!"

"ನಂಗೆ ಕಾಣ್ನಿಲ್ಲ ಸಾ. ಕಾಣ್ದೆ ಎಂಗೆ ಬಂತು ಅನ್ನಲಿ?"

ಬಸವಪ್ರಸಾದ್ ಅವಳನ್ನು ಒಂದು ಗಳಿಗೆ ನೋಡಿದರು. ಹಕ್ಕಿ ಹುಳು ನುಂಗಿ, ಎರಡು ಕುಪ್ಪಳಕ್ಕೆ ಮೆಳೆಯೊಳಗೆ ಮರೆಯಾಯಿತು. "ಬಾಚಿದ್ದನ್ನ ಅಲ್ಲೇ ಸುರಿದು ಬನ್ರಪ್ಪಾ, ಮೆಲ್ಲಗೆ," ಎಂದರು ಆಳುಗಳಿಗೆ.

ಆಳು ಮಂಕರಿ ಬೋರಲು ಹಾಕಿ, ಕಾಲಿನಲ್ಲಿ ಒಂದಿಷ್ಟು ಹರಡಿ, ಹೊರಟ. ಮಲ್ಲಿಗಮ್ಮ ಅವನನ್ನು ತಡೆದು ನಿಲ್ಲಿಸಿದಳು.

"ಅಯ್ಯೋ, ತಡಿಲಾ! ಅದೇನ್ಲಾ ಕೆಲ್ಸ ಅದು, ಕಾಟಾಚಾರದ್ದು? ಇಲ್ನೋಡು, ಇಲ್ಲಿ ನೆಲ ಕಾಣ್ತಾ ಅದೆ. ಮುಚ್ಚು, ಸರಿಯಾಗಿ ಮುಚ್ಚು!"